ಮೇಷ್ಟ್ರನ್ನು ಒಣಗಲು ಹಾಕಿದ ಮಾಯಿಗ

ಪ್ರತಿ ಊರಿಗೂ ಒಬ್ಬ ಪೆದ್ದ ಇರುತ್ತಾನಂತೆ. ನಮ್ಮೂರಿನಲ್ಲಿ ಎಷ್ಟು ಜನ ಇದ್ದೇವೆಂದು ಯಾರೂ ಎಣಿಸಿಲ್ಲ; ಒಪ್ಪಿಕೊಂಡವನು ಮಾತ್ರ ಮಾಯಿಗ ಒಬ್ಬನೇ.

ಅವನ ತಾಯಿ ಚಿಕ್ಕತಾಯಮ್ಮ ಬಸ್ ಸ್ಟ್ಯಾಂಡಿನಲ್ಲಿ ಹುರಿಗಡಲೆ ಮಾರುತ್ತಿದ್ದಳು. ಮಗನಿಗೆ ಇಪ್ಪತ್ತೆರಡು ತುಂಬಿತ್ತು. 'ಕಡಲೆ ಬಿಟ್ಟು ಕದಲಬೇಡ' ಎಂದು ಹೇಳಿಹೋದರೆ, ಹಸು ಬಂದು ಅಷ್ಟನ್ನೂ ತಿಂದು ಮುಗಿಸುವವರೆಗೆ ಕದಲದೆ ಕೂತಿರುವನು.

"ಇವನನ್ನ ಹೆತ್ತಾಗ ಬುದ್ಧಿ ಕೊಡೋದನ್ನ ಮರೆತೆ ಕಣವ್ವ" ಎಂದು ಚಿಕ್ಕತಾಯಮ್ಮ ಪಕ್ಕದ ಹೂವಿನವಳ ಹತ್ತಿರ ಹೇಳಿಕೊಳ್ಳುವಳು. "ಇದ್ದಿದ್ದೇ ಒಂದು ಹಿಡಿ. ಅದನ್ನೂ ಕೊಟ್ಟಿದ್ರೆ ನನಗೇನು ಉಳೀತಿತ್ತು?"

ಅವಳ ಮಂಡಿ ಹಿಡಿದುಹೋಗಿತ್ತು. ತಾನು ಮೂಲೆ ಸೇರುವುದರೊಳಗೆ ಮಗನಿಗೊಂದು ಕೆಲಸವಾಗಬೇಕು, ಅಷ್ಟೇ ಆಸೆ. ಆಗಲೇ ಕಾಲೇಜಿನ ಲೈಬ್ರರಿಯಲ್ಲಿ ಜವಾನನ ಕೆಲಸ ಖಾಲಿಯಾಯಿತು. ತತ್ತ್ವಶಾಸ್ತ್ರದ ಪಾಠ ಹೇಳಿ ನಿವೃತ್ತರಾದ ಪಂಚಾಕ್ಷರಿ ಮೇಷ್ಟ್ರ ಮಾತನ್ನು ಕಾಲೇಜಿನ ಕಾರ್ಯದರ್ಶಿ ಹೊನ್ನೇಗೌಡರು ತೆಗೆದುಹಾಕುತ್ತಿರಲಿಲ್ಲ. ಚಿಕ್ಕತಾಯಮ್ಮ ಹೋಗಿ ಮೇಷ್ಟ್ರ ಕಾಲಿಗೆ ಬಿದ್ದಳು.

"ಒಂದು ವಾರ ನಮ್ಮನೇಲಿ ಇರಲಿ" ಅಂದರು ಮೇಷ್ಟ್ರು. "ಭಾನುವಾರ ಕಾರ್ಯದರ್ಶಿಗಳು ಬರ್ತಾರೆ. ಹುಡುಗನ್ನ ನೋಡಿ ಒಪ್ಪಿದ್ರೆ ಕೆಲಸ."

ಚಿಕ್ಕತಾಯಮ್ಮ ಮಗನಿಗೆ ಕಿವಿಮಾತು ಹೇಳಿದಳು. "ಲೇ ಮಾಯಿಗ, ಮೇಷ್ಟ್ರು ಏನಂತಾರೋ ಅದನ್ನ ಮಾಡು. ಎರಡನೇ ಸಲ ಹೇಳಿಸ್ಕೋಬೇಡ!"

"ಆಗಲಿ ಕಣವ್ವ!"

ಮೇಷ್ಟ್ರಿಗೆ ಡಯೋಜಿನಿಸ್ ಎಂದರೆ ಪ್ರಾಣ. ಗ್ರೀಸ್ ದೇಶದ ಹಳೆಯ ಜ್ಞಾನಿ. ಮೊದಲ ದಿನವೇ ಜಗಲಿಯಲ್ಲಿ ಕೂತು ಇಬ್ಬರು ಸ್ನೇಹಿತರಿಗೆ ಅವನ ಕತೆ ಹೇಳಿದರು. "ಮನೆ ಇಲ್ಲ, ಮಠ ಇಲ್ಲ, ದೊಡ್ಡ ಹರವಿಯೊಳಗೆ ವಾಸ. ಇದ್ದದ್ದು ಒಂದು ಬಟ್ಟಲು. ಯಾರೋ ಹುಡುಗ ಬೊಗಸೇಲಿ ನೀರು ಕುಡಿಯೋದು ಕಂಡ. ಬಟ್ಟಲನ್ನೂ ಎಸೆದುಬಿಟ್ಟ! ಬದುಕಿದ್ರೆ ಹಾಗೆ ಬದುಕಬೇಕು. ಮಾಯಿಗ, ಕಾಫಿ ತಾರಪ್ಪ."

ಮಾಯಿಗ ಒಳಗೆ ಹೋದ. ಮನೆಯ ಲೋಟಗಳನ್ನೆಲ್ಲ ಬಾವಿಗೆ ಹಾಕಿದ. ಕುದಿಯುವ ಕಾಫಿಯ ಪಾತ್ರೆ ಹಿಡಿದು ಬಂದ.

"ಬೊಗಸೆ ಒಡ್ರಿ ಸ್ವಾಮಿ!"

ಒಬ್ಬ ಸ್ನೇಹಿತರು ಮರ್ಯಾದಸ್ಥರು. ಒಡ್ಡಿಬಿಟ್ಟರು.

ಅವರ ಕೂಗು ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತು. ಚಿಕ್ಕತಾಯಮ್ಮ ತಲೆ ಚಚ್ಚಿಕೊಂಡಳು. "ಅಯ್ಯೋ ಮುಂಡೇದೆ! ಸುಡೋದನ್ನ ಹಂಗೇ ಕೊಡ್ತಾರ್ಲಾ? ಬಿಸಿ ಇದ್ರೆ ತಣ್ಣೀರಲ್ಲಿಟ್ಟು ಆರಿಸಿ ಕೊಡಬೇಕು!"

"ಮೊದಲೇ ಹೇಳಬಾರದಾ ಅವ್ವ? ಇನ್ನು ಹಂಗೇ ಮಾಡ್ತೀನಿ!"

ಗುರುವಾರ ಮಹಿಳಾ ಸಮಾಜದಲ್ಲಿ ಮೇಷ್ಟ್ರ ಭಾಷಣ. ವಿಷಯ, ಸರಳ ಜೀವನ. ಮೇಷ್ಟ್ರ ಬೀರುವಿನಲ್ಲಿ ಹದಿನಾಲ್ಕು ಜುಬ್ಬಗಳಿದ್ದವು. ಆದರೆ ಸರಳ ಜೀವನದ ಬಗ್ಗೆ ಮಾತಾಡಲು ತಕ್ಕದ್ದು ಒಂದೇ. ಅದು ಇಸ್ತ್ರಿ ಅಂಗಡಿಯಲ್ಲಿತ್ತು. ಮಾಯಿಗ ತರಲು ಹೋದ.

"ಈಗಷ್ಟೇ ಉಜ್ಜಿದ್ದು, ಬಿಸಿ ಐತೆ ನೋಡು" ಎಂದ ಇಸ್ತ್ರಿಯವನು.

ಬಿಸಿ! ಮಾಯಿಗನಿಗೆ ಅವ್ವನ ಮಾತು ನೆನಪಾಯಿತು. ದಾರಿಯಲ್ಲಿ ದನಗಳು ನೀರು ಕುಡಿಯುವ ತೊಟ್ಟಿ. ಜುಬ್ಬವನ್ನು ಮುಳುಗಿಸಿದ. ಎತ್ತಿ ಮುಟ್ಟಿ ನೋಡಿದ. ಇನ್ನೊಮ್ಮೆ ಮುಳುಗಿಸಿದ. ತಂದು ಮೇಷ್ಟ್ರ ಕೈಗಿಟ್ಟ.

"ಚೆನ್ನಾಗಿ ಆರೈತೆ ಸ್ವಾಮಿ!"

ಭಾಷಣ ನಡೆಯಲಿಲ್ಲ. ಸರಳ ಜೀವನ ಮುಂದಿನ ತಿಂಗಳಿಗೆ ಹೋಯಿತು.

ಚಿಕ್ಕತಾಯಮ್ಮ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. "ಆರಿಸು ಅಂದವಳು ನಾನೇ, ನನ್ನ ನಾಲಿಗೆಗೆ ಬರೆ ಹಾಕಬೇಕು! ಲೇ, ಒದ್ದೆಯಾಗಿದ್ದು ಕಂಡ್ರೆ ಬಿಸಿಲಿಗೆ ಹರವಬೇಕು. ಗಾಳಿಗೆ ಹಾರದಂಗೆ ಕಲ್ಲು ಹೇರಬೇಕು. ಯಾರಾದ್ರೂ ಅಡ್ಡ ನಿಂತ್ರೆ ಸರೀರಿ ಅನ್ನಬೇಕು. ತಿಳೀತಾ?"

"ತಿಳೀತು ಕಣವ್ವ! ಹರವಬೇಕು, ಹೇರಬೇಕು, ಸರೀರಿ ಅನ್ನಬೇಕು!"

ಭಾನುವಾರ ಬಂತು. ದೊಡ್ಡವರು ಬರುತ್ತಾರೆಂದು ಮೇಷ್ಟ್ರು ಎಣ್ಣೆಸ್ನಾನ ಮಾಡಿ, ಪಂಚೆ ಸುತ್ತಿಕೊಂಡು, ತೊಟ್ಟಿಕ್ಕುತ್ತಾ ಬಚ್ಚಲಿಂದ ಹೊರಗೆ ಕಾಲಿಟ್ಟರು. ಮಾಯಿಗ ನೋಡಿದ. ಒದ್ದೆ! ಮೇಷ್ಟ್ರದು ಕಡ್ಡಿ ಶರೀರ. ಎತ್ತಿಕೊಂಡೇ ಹೋದ, ಅಂಗಳದ ಚಪ್ಪಡಿಯ ಮೇಲೆ ಹರವಿದ, ಪಂಚೆಯ ಅಂಚಿನ ಮೇಲೆ ಒರಳುಗುಂಡು ಹೇರಿದ.

"ಏಯ್! ಏನೋ ಇದು? ತೆಗಿಯೋ!"

"ಒಣಗಲಿ ತಡೀರಿ ಸ್ವಾಮಿ!"

ಮೇಷ್ಟ್ರು ಏಳಬಹುದಿತ್ತು. ಎದ್ದರೆ ಪಂಚೆ ಗುಂಡಿನಡಿ ಉಳಿಯುತ್ತಿತ್ತು. ಮಲಗಿರುವುದೇ ಮೇಲೆಂದು ಮಲಗಿದರು. ಆ ಹೊತ್ತಿಗೆ ಗೇಟು ತೆಗೆದು ಹೊನ್ನೇಗೌಡರು ಒಳಗೆ ಬಂದರು. ಆಳು ದೊಡ್ಡದು, ನೆರಳೂ ದೊಡ್ಡದು. ನೆರಳು ಮೇಷ್ಟ್ರ ಮೇಲೆಯೇ ಬಿತ್ತು.

"ನೀನೇನಪ್ಪ ಮಾಯಿಗ?" ಅಂದರು ಗೌಡರು. "ಹೇಳು, ನಿನಗೇನು ಬೇಕು?"

"ಸೊಲ್ಪ ಆಚೆ ಸರೀರಿ ಸ್ವಾಮಿ. ಬಿಸಿಲಿಗೆ ಅಡ್ಡ ನಿಂತಿದ್ದೀರ."

ಗೌಡರು ಮರಗಟ್ಟಿ ನಿಂತರು. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಮೇಷ್ಟ್ರು ವರ್ಷ ವರ್ಷವೂ ಹೇಳುತ್ತಿದ್ದ ಕತೆ ಒಂದಿತ್ತು: ಅಲೆಕ್ಸಾಂಡರ್ ಚಕ್ರವರ್ತಿ ಡಯೋಜಿನಿಸನ ಮುಂದೆ ನಿಂತು 'ಏನು ಬೇಕು ಕೇಳು' ಅಂದನಂತೆ; ಜ್ಞಾನಿ 'ಬಿಸಿಲಿಗೆ ಅಡ್ಡ ನಿಂತಿದ್ದೀಯ, ಸರಿ' ಅಂದನಂತೆ. ಗೌಡರು ಮಾಯಿಗನನ್ನು ನೋಡಿದರು. ಕಲ್ಲಿನ ಮೇಲೆ ಅರೆಬೆತ್ತಲೆ ಮಲಗಿದ್ದ ಮೇಷ್ಟ್ರನ್ನು ನೋಡಿದರು. ಕಾಲಿನ ಚಪ್ಪಲಿ ಕಳಚಿಟ್ಟರು.

"ಮೇಷ್ಟ್ರೇ, ಬರೀ ಭಾಷಣ ಅಂದ್ಕೊಂಡಿದ್ದೆ, ತಪ್ಪಾಯ್ತು. ನೀವು ಬದುಕಿ ತೋರಿಸ್ತಿದ್ದೀರಿ! ಶಿಷ್ಯನಿಗೂ ಕಲಿಸಿದ್ದೀರಿ! ನಾಳೆಯಿಂದಲೇ ಇವನು ಕೆಲಸಕ್ಕೆ ಬರಲಿ."

ಮೇಷ್ಟ್ರು ಎರಡೂ ಕೈಯಲ್ಲಿ ಪಂಚೆ ಹಿಡಿದುಕೊಂಡು, ಜ್ಞಾನಿಯ ಹಾಗೆ ನಕ್ಕರು. ಬೇರೆ ದಾರಿ ಇರಲಿಲ್ಲ.

ಕೆಲಸವೇನೋ ಆಯಿತು. ಚಿಕ್ಕತಾಯಮ್ಮನಿಗೆ ಸಂತೋಷಕ್ಕಿಂತ ನಡುಕವೇ ಹೆಚ್ಚಾಯಿತು. "ಅಷ್ಟು ದೊಡ್ಡವರಿಗೆ ಸರೀರಿ ಅಂದ್ಯಲ್ಲೋ! ಈ ಸಲ ದೇವರು ಕಣ್ಣು ಮುಚ್ಚಿಕೊಂಡ. ಇನ್ನೊಂದು ಸಲ ಹಂಗಂದ್ರೆ ಕೆಲಸ ಹೋಯ್ತದೆ. ದೊಡ್ಡವರು ಬಂದ್ರೆ ನೀನು ಏಳಬೇಕು. ಅವರನ್ನ ಕೂರಿಸಬೇಕು. ನಿನ್ನತ್ರ ಇರೋದನ್ನ ಕೊಟ್ಟು ಸತ್ಕಾರ ಮಾಡಬೇಕು. ಆಮೇಲೆ ನೀನೇ ಸರೀಬೇಕು!"

"ಎಷ್ಟು ಸರೀಬೇಕವ್ವ?"

"ಅವರ ಕಣ್ಣಿಗೆ ಕಾಣದಷ್ಟು!"

"ಆಗಲಿ ಕಣವ್ವ!"

ಸೋಮವಾರ ಮಾಯಿಗ ಖಾಕಿ ಅಂಗಿ, ಖಾಕಿ ಪ್ಯಾಂಟು, ತಲೆಗೆ ಟೋಪಿ ಹಾಕಿಕೊಂಡು ಹೊರಟ. ಚಿಕ್ಕತಾಯಮ್ಮ ದೃಷ್ಟಿ ತೆಗೆದಳು. ಹೂವಿನವಳನ್ನು ಕರೆದು ತೋರಿಸಿದಳು. ಕಡಲೆ ಹುರಿಯುತ್ತಾ, ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ, ತನಗೂ ಅಷ್ಟಿಷ್ಟು ಬುದ್ಧಿ ಇರಬಹುದೆಂದುಕೊಂಡಳು.

ಹನ್ನೊಂದು ಗಂಟೆಗೆ ಬಸ್ ಸ್ಟ್ಯಾಂಡಿನ ಜನವೆಲ್ಲ ಒಂದೇ ಕಡೆ ತಿರುಗಿ ನೋಡತೊಡಗಿದರು. ಪೇಟೆ ಬೀದಿಯ ನಟ್ಟನಡುವೆ ಮಾಯಿಗ ಕೈ ಬೀಸಿಕೊಂಡು ಬರುತ್ತಿದ್ದ. ಮೈಮೇಲೆ ಚಡ್ಡಿ ಬಿಟ್ಟರೆ ಬೇರೇನೂ ಇರಲಿಲ್ಲ.

"ಲೇ! ಏನ್ಲಾ ಇದು? ಕೆಲಸ ಬಿಟ್ಟು ಯಾಕ್ಲಾ ಬಂದೆ?"

"ನೀನು ಹೇಳಿದಂಗೇ ಮಾಡ್ದೆ ಕಣವ್ವ! ನಾನು ಹೆಂಗಿವ್ನಿ ಅಂತ ನೋಡಕ್ಕೆ ಮೇಷ್ಟ್ರು ಬಂದ್ರು. ದೊಡ್ಡವರಲ್ವಾ? ಎದ್ದೆ. ನನ್ನ ಸ್ಟೂಲ್ ಮೇಲೆ ಕೂರಿಸ್ದೆ. ಬೇಡ ಬೇಡ ಅಂದ್ರು, ಹೆಗಲು ಅಮುಕಿ ಕೂರಿಸ್ದೆ. ನನ್ನತ್ರ ಇದ್ದಿದ್ದನ್ನ ಕೊಟ್ಟೆ. ಆಮೇಲೆ ಸರಿದೆ. ಇಲ್ಲಿಗೆ ಅವರ ಕಣ್ಣಿಗೆ ಕಾಣಲ್ಲ, ಅಲ್ವಾ?"

"ಟೋಪಿ?"

"ಅವರ ತಲೆ ಮೇಲೈತೆ."

"ಅಂಗಿ? ಪ್ಯಾಂಟು? ಮುದ್ದೆ ಕಟ್ಟಿಕೊಟ್ಟ ಡಬ್ಬಿ?"

"ಅವರ ಮಡಿಲಲ್ಲೈತೆ."

"ಲೈಬ್ರರಿ ಬೀಗದ ಕೈ?"

"ಅದೂ ಅವರ ಕೈಲೈತೆ."

"ಅಯ್ಯೋ ಶಿವನೇ, ಕೆಲಸ ಕಣ್ಲಾ! ಕೆಲಸ ಏನಾಯ್ತು?"

"ಮೇಷ್ಟ್ರೇ ಮಾಡ್ತಾವ್ರೆ. ನಾಕು ಹುಡುಗ್ರು ಪುಸ್ತಕ ಕೇಳ್ತಾ ನಿಂತಿದ್ರು, ಎತ್ತಿ ಕೊಡ್ತಾವ್ರೆ. ನನಗಿಂತ ಚೆನ್ನಾಗಿ ಮಾಡ್ತಾರವ್ವ!"

ಚಿಕ್ಕತಾಯಮ್ಮ ಕಡಲೆ ಬುಟ್ಟಿಯ ಪಕ್ಕ ಕುಸಿದು ಕೂತಳು. ಅಳಲು ಹೋದಳು, ಬರಲಿಲ್ಲ. ಬೈಯಲು ಹೋದಳು; ಮಾತುಗಳೆಲ್ಲ ತನ್ನವೇ. ಕೊನೆಗೆ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಉಸಿರು ಬಿಟ್ಟು ಕೇಳಿದಳು:

"ಎಲ್ಲ ಕೊಟ್ಟೋನು ಆ ಚಡ್ಡಿ ಒಂದನ್ನ ಯಾಕ್ಲಾ ಉಳಿಸ್ಕೊಂಡೆ?"

ಮಾಯಿಗ ತಪ್ಪು ಮಾಡಿದವನಂತೆ ತಲೆ ತಗ್ಗಿಸಿದ.

"ಬಿಚ್ಚಕ್ಕೋದೆ ಕಣವ್ವ. ಮೇಷ್ಟ್ರು ಕೈ ಮುಗಿದುಬಿಟ್ರು."