ಮಖಮಲ್ಲಿನಲ್ಲಿಟ್ಟ ಟೊಪ್ಪಿಗೆ

ದಾವಲಸಾಬರು ರೈಲು ಹಳಿ ಪಕ್ಕದ ತಂತಿ ಕಂಬಗಳನ್ನು ಮೂವತ್ತು ವರ್ಷ ಹತ್ತಿ ಇಳಿದವರು. ಕಂಬದ ಕಬ್ಬಿಣದ ಸರಳಿಗೆ ತಿರುಗಿಸಿ ಕೂರಿಸುವ ಪಿಂಗಾಣಿ ಇನ್ಸುಲೇಟರನ್ನು ಅವರು ಟೊಪ್ಪಿಗೆ ಎನ್ನುತ್ತಿದ್ದರು. ಹಳಿ ಬದಿ ಬಿದ್ದಿದ್ದ ಹಳೆಯ ಟೊಪ್ಪಿಗೆಗಳನ್ನು ಆಯ್ದು ತಂದು, ಒಂದೊಂದನ್ನೂ ಗುರುತಿಸಿ ಇಟ್ಟುಕೊಂಡಿದ್ದರು. ಈಗ ನಿವೃತ್ತರಾಗಿ ಹತ್ತು ವರ್ಷ ಕಳೆದು, ಅವರ ಕಣ್ಣು ಮಂಜಾಗಿತ್ತು.

ಅವುಗಳನ್ನು ಜನ ನೋಡಲೆಂದು ಸ್ಟೇಷನ್ನಿನಲ್ಲಿ ಒಂದು ಕೋಣೆ ಸಿದ್ಧವಾಯಿತು. ಅದನ್ನು ನೋಡಿಕೊಂಡು, ಒಂದೊಂದು ಟೊಪ್ಪಿಗೆಗೂ ಹೆಸರಿನ ಚೀಟಿ ಬರೆದಿಡುವವರನ್ನು ದಾವಲಸಾಬರೇ ಆರಿಸಬೇಕಿತ್ತು. ಹಳಿ ಕೆಲಸದ ಫಕೀರವ್ವ ಮತ್ತು ಶಂಕ್ರಪ್ಪ ಮುಂದೆ ಬಂದರು. ಫಕೀರವ್ವನ ಮೊಣಕಾಲುಗಳು ಸೋತಿದ್ದವು. ಕುಳಿತು ಮಾಡುವ ಈ ಕೆಲಸ ಸಿಗದಿದ್ದರೆ ಮತ್ತೆ ದಿನವಿಡೀ ಜಲ್ಲಿಯ ಮೇಲೆ ನಡೆಯಬೇಕಿತ್ತು.

ದಾವಲಸಾಬರು ಇಬ್ಬರಿಗೂ ಒಂದು ತಿಂಗಳು ಕಲಿಸಿದರು. "ಹೊರಗಿನ ಚಂದ ನೋಡಿ ಹೆಸರು ಹೇಳಬ್ಯಾಡ್ರಿ. ಅಂಗಾತ ಮಾಡಿ ಒಳಗ ಬೆರಳು ಹಾಕ್ರಿ. ತಿರುಪಿನ ಗೆರಿ ಸಿಕ್ಕರ ಅದು ಟೊಪ್ಪಿಗಿ."

ಕೊನೆಯ ದಿನ ಅವರು ಮಖಮಲ್ ಬಟ್ಟೆ ಬಿಚ್ಚಿ ಒಂದನ್ನು ತೆಗೆದರು. ಮೇಲೆ ಗುಂಡು, ಕೆಳಗೆ ಸಣ್ಣ ಕತ್ತು, ಅಗಲವಾದ ಅಂಚು.

"ನನಗ ಸಿಕ್ಕ ಮೊದಲನೇದು. ಎಲ್ಲಾದಕ್ಕಿಂತ ಹಳೇದು. ಇದರ ಚೀಟಿ ಮ್ಯಾಲೆ ಏನಂತ ಬರೀತೀರಿ?"

"ಕೇಳೂದೇನ್ರಿ ಅಜ್ಜಾರ? ರಾಣಿ ಕಾಲದ ಟೊಪ್ಪಿಗಿ!" ಎಂದ ಶಂಕ್ರಪ್ಪ. "ನೋಡಿದ ಕೂಡ್ಲೇ ಗೊತ್ತಾಗ್ತೈತಿ."

ಫಕೀರವ್ವ ಒಳಗೆ ಬೆರಳು ಹಾಕಿದಳು. ನುಣ್ಣಗಿತ್ತು. ಮತ್ತೊಮ್ಮೆ ಹಾಕಿದಳು. ಬೆರಳು ಅಲ್ಲೇ ನಿಂತಿತು.

"ಯಾಕವ್ವಾ, ಬೆರಳು ಸಿಕ್ಕೊಂಡೈತೇನು?" ಶಂಕ್ರಪ್ಪ ನಕ್ಕ.

ಇದು ಟೊಪ್ಪಿಗೆಯೇ ಎಂದರೆ ಕೆಲಸ ಸಿಗಬಹುದು. ಅಲ್ಲವೆಂದರೆ ಅಜ್ಜ ನೊಂದುಕೊಳ್ಳಬಹುದು. ಫಕೀರವ್ವ ಮೆಲ್ಲಗೆ ಹೇಳಿದಳು: "ಇದರಾಗ ಗೆರಿ ಇಲ್ರಿ ಅಜ್ಜಾರ. ಸರಳು ನಿಲ್ಲಂಗಿಲ್ಲ. ಇದು ಉಪ್ಪಿನಕಾಯಿ ಭರಣಿ ಮುಚ್ಚಳ ಐತ್ರಿ."

ದಾವಲಸಾಬರು ಕೈ ಚಾಚಿದರು. ಅವರ ಬೆರಳು ಒಳಗೆ ನಿಧಾನವಾಗಿ ಒಂದು ಸುತ್ತು ಬಂತು. ಆಮೇಲೆ ಕೆಮ್ಮು ಬರುವಷ್ಟು ನಕ್ಕರು.

"ಯಾವ ಪುಣ್ಯಾತ್ಗಿತ್ತಿ ರೈಲಿನ ಕಿಡಕ್ಯಾಗಿಂದ ಕೆಡವಿದ್ಲೋ! ನಲವತ್ತು ವರ್ಷ ಮುಚ್ಚಳಕ್ಕ ಮಖಮಲ್ ಹೊಚ್ಚಿದೆ. ಊರಿಗೆಲ್ಲಾ ಬೆರಳು ಹಾಕ್ರಿ ಅಂದೆ. ಇದರಾಗ ನಾನಽ ಹಾಕಲಿಲ್ಲ."

ಕೋಣೆಯ ಬೀಗದ ಕೈಯನ್ನು ಫಕೀರವ್ವನ ಅಂಗೈಯಲ್ಲಿಟ್ಟರು. ಅವಳು ಕುರ್ಚಿಯಲ್ಲಿ ಕುಳಿತು, ನೋಯುವ ಕಾಲು ಚಾಚಿ, ಮೊದಲ ಚೀಟಿ ಬರೆಯತೊಡಗಿದಳು.

ನೀತಿ: ಗುರು ಕಲಿಸಿದ್ದನ್ನು ಗುರುವಿನ ಎದುರಿನಲ್ಲೂ ಬಿಡದೆ ಪಾಲಿಸುವುದೇ ಗುರುವಿಗೆ ಸಲ್ಲಿಸುವ ಗೌರವ. ಪರರ ವಸ್ತುವಿಗೆ ಮಾಡುವ ಪರೀಕ್ಷೆಯನ್ನು ನಮ್ಮ ಅಚ್ಚುಮೆಚ್ಚಿನ ವಸ್ತುವಿಗೂ ಮಾಡಬೇಕು.