ಮೊದಲ ಬಕೆಟ್ಟು ಯಾರದು

"ಗುರುಗಳೇ, ನನಗೆ ಯಾವುದಕ್ಕೂ ಕೊರತೆಯಿಲ್ಲ. ಆದರೂ ಕೃತಜ್ಞತೆ ಎಂಬುದು ನನ್ನಲ್ಲಿ ಹುಟ್ಟುವುದಿಲ್ಲ. ಅದು ಎಲ್ಲಿ ಸಿಗುತ್ತದೆ?"

ಕೇಳಿದವನು ಶಿಷ್ಯರಲ್ಲಿ ಹಿರಿಯ. ಮಠಕ್ಕೆ ಬಂದು ಹದಿನೆಂಟು ವರ್ಷವಾಗಿತ್ತು. ಕೃತಜ್ಞತೆಯ ಬಗ್ಗೆ ಅವನು ಎರಡು ಉಪನ್ಯಾಸಗಳನ್ನೂ ಮಾಡಿದ್ದ. ಎರಡೂ ಚೆನ್ನಾಗಿದ್ದವು.

ಗುರುಗಳು ಒಂದು ಕತೆ ಹೇಳಿದರು.

ಬಯಲುಸೀಮೆಯಲ್ಲಿ ಒಂದು ಊರು. ಐವತ್ತು ಮನೆ. ಅಡುಗೆಗೆ ಎಲ್ಲರ ಮನೆಗೂ ಗ್ಯಾಸ್ ಬಂದಿತ್ತು. ಸ್ನಾನದ ನೀರಿಗೆ ಮಾತ್ರ ಹಳೆಯ ದಾರಿಯೇ. ಹಿತ್ತಿಲ ತುದಿಯಲ್ಲಿ ಬಚ್ಚಲು, ಬಚ್ಚಲಲ್ಲಿ ಒಲೆ, ಒಲೆಯ ಮೇಲೆ ಹಂಡೆ, ಒಲೆಯೊಳಗೆ ಜಾಲಿ ಕಟ್ಟಿಗೆ. ಊರಿನ ಹತ್ತಿರದ ಜಾಲಿಯೆಲ್ಲ ಮುಗಿದು, ಕಟ್ಟಿಗೆಗೆ ಕೆರೆಯ ಆಚೆಗೆ ಹೋಗಬೇಕಾಗಿತ್ತು. ಅದನ್ನು ಹೊತ್ತು ತರುವವರು ಹೆಂಗಸರು. ಕಾದ ನೀರಿನಲ್ಲಿ ಮೊದಲು ಮೀಯುವವರು ಹಿರಿಯರು. ಇದರಲ್ಲಿ ತಪ್ಪಿದೆ ಎಂದು ಯಾರಿಗೂ ಅನಿಸಿರಲಿಲ್ಲ. ಹೊರುವವರಿಗೂ ಅನಿಸಿರಲಿಲ್ಲ.

ಆ ಊರಿನ ಹಿರಿಯ ಓಬಳಪ್ಪ ಎಂಬ ರೈತ. ಅವನ ಹೆಂಡತಿ ತೀರಿಕೊಂಡಿದ್ದಳು. ಮಗ ಹೊಲದ ಪಂಪ್‌ಸೆಟ್ಟಿನಲ್ಲೇ ಮಿಂದು ಬರುತ್ತಿದ್ದ. ಮನೆಯ ಬಚ್ಚಲಲ್ಲಿ ಮೀಯುವವರು ಇಬ್ಬರೇ. ಮೊದಲು ಓಬಳಪ್ಪ, ಕೊನೆಗೆ ಸೊಸೆ ಹೊನ್ನೂರಮ್ಮ. ಕಸ, ಹಾಲು, ರೊಟ್ಟಿ ಎಲ್ಲ ಮುಗಿಸಿ ಅವಳು ಬಚ್ಚಲಿಗೆ ಹೋಗುವ ಹೊತ್ತಿಗೆ ಒಲೆ ಆರಿರುತ್ತಿತ್ತು. ಹಂಡೆಯ ತಳದಲ್ಲಿ ಉಳಿದ ನೀರು ಸಾಲದೆ ಅದಕ್ಕೆ ತಣ್ಣೀರು ಬೆರೆಸಿಕೊಳ್ಳುತ್ತಿದ್ದಳು. ಹೀಗೆ ಇಪ್ಪತ್ತೆರಡು ವರ್ಷ. ಕಟ್ಟಿಗೆಯ ಹೊರೆ ಎತ್ತಿ ಎತ್ತಿ ಅವಳ ಎಡ ಭುಜ ಹಿಡಿದುಕೊಂಡಿತ್ತು. ಚಳಿಗಾಲದಲ್ಲಿ ಆ ಕೈ ತಲೆಯ ಮಟ್ಟಕ್ಕೆ ಏಳುತ್ತಿರಲಿಲ್ಲ. ತಲೆ ಬಾಚಲು ಪಕ್ಕದ ಮನೆಯವರನ್ನು ಕರೆಯಬೇಕಾಗುತ್ತಿತ್ತು.

ಒಂದು ವರ್ಷ ಊರಿನ ಹಾಲಿನ ಸಂಘದವರು ಎಲ್ಲ ಮನೆಗಳ ಮಾಳಿಗೆಯ ಮೇಲೂ ಸೋಲಾರ್ ಕೂರಿಸಿದರು. ಬಿಸಿಲಿನಿಂದಲೇ ನೀರು ಕಾಯುವ ಯಂತ್ರ. ಕರಾರು ಒಂದೇ. ಒಂದು ತಿಂಗಳು ಯಾರೂ ಬಚ್ಚಲ ಒಲೆ ಹಚ್ಚಬಾರದು. ತಿಂಗಳ ಕೊನೆಗೆ ಊರಿನ ಹಿರಿಯರು ಸೇರಿ ಬೇಕು ಎಂದರೆ ಯಂತ್ರ ಇರುತ್ತದೆ. ಬೇಡ ಎಂದರೆ ಬಿಚ್ಚಿಕೊಂಡು ಹೋಗಿ ಪಕ್ಕದ ಊರಿಗೆ ಕೊಡುತ್ತಾರೆ.

ಯಂತ್ರ ಕೂರಿಸಿದ ಮೇಸ್ತ್ರಿ ಹೊರಡುವ ಮುಂಚೆ ಒಂದು ಮಾತು ಹೇಳಿದ. ಬಚ್ಚಲು ದೂರ, ಪೈಪು ಉದ್ದ. ರಾತ್ರಿ ಪೈಪಿನಲ್ಲಿ ನಿಂತ ನೀರು ಆರಿಹೋಗಿರುತ್ತದೆ. ಹಾಗಾಗಿ ಮೊದಲ ಬಕೆಟ್ಟು ತಣ್ಣೀರು, ಆಮೇಲೆ ಬಿಸಿ. ಅವನು ಇದನ್ನು ಹೇಳುವಾಗ ಹಿರಿಯರು ಯಂತ್ರ ಯಾವ ದಿಕ್ಕಿಗೆ ಮುಖ ಮಾಡಿದರೆ ಶುಭ ಎಂದು ಚರ್ಚಿಸುತ್ತಿದ್ದರು. ಮಾತು ಕೇಳಿಸಿಕೊಂಡವಳು ಅವನಿಗೆ ಮಜ್ಜಿಗೆ ತಂದ ಹೊನ್ನೂರಮ್ಮ ಒಬ್ಬಳೇ.

ಮರುದಿನ ಬೆಳಿಗ್ಗೆ ಅವಳು ಬಚ್ಚಲ ಬಾಗಿಲಲ್ಲಿ ನಿಂತಳು.

"ಮಾವ, ಮೊದಲನೇ ಬಕೆಟ್ಟು ನಾನು ಹಿಡ್ಕೊಳ್ತೀನಿ. ಆಮೇಲೆ ನೀವು ಹೋಗಿ."

ಓಬಳಪ್ಪ ಅವಳನ್ನು ದಿಟ್ಟಿಸಿ ನೋಡಿದ. "ಇಷ್ಟು ವರ್ಷ ಈ ಮನೇಲಿ ಮೊದಲನೇ ನೀರು ಯಾರದಮ್ಮಾ?"

"ನಿಮ್ಮದೇ ಮಾವ. ನಾನು ಹೇಳಿದ್ದು ಏನಂದ್ರೆ..."

"ಸೋಲಾರ್ ಬಂತು ಅಂತ ಮನೆ ಹಿರಿಯರು ಬದಲಾಗ್ತಾರಾ?"

ಅವಳು ಪಕ್ಕಕ್ಕೆ ಸರಿದಳು. ಓಬಳಪ್ಪ ಒಳಗೆ ಹೋಗಿ ನಲ್ಲಿ ತಿರುಗಿಸಿದ. ಮಾಗಿಯ ಚಳಿ. ಒಂದು ಬಕೆಟ್ಟಿಗಿಂತ ಹೆಚ್ಚು ನೀರು ಸುರಿದುಕೊಳ್ಳುವುದು ದುಂದು ಎಂದು ನಂಬಿದವನು ಅವನು. ಅಷ್ಟರಲ್ಲೇ ಮಿಂದು, ಹಲ್ಲು ಕಚ್ಚಿಕೊಂಡು ಹೊರಗೆ ಬಂದ.

ಹೊನ್ನೂರಮ್ಮ ಕೊನೆಗೆ ಹೋದಳು. ತಂಬಿಗೆಯಲ್ಲಿ ನೀರು ಮೊಗೆದು ಎಡ ಭುಜಕ್ಕೆ ಸುರಿದುಕೊಂಡಳು. ತಕ್ಷಣ ತಂಬಿಗೆ ಕೆಳಗಿಟ್ಟಳು. ನೀರು ಅಷ್ಟು ಬಿಸಿಯಿತ್ತು. ಅಂದೂ ಅವಳು ತಣ್ಣೀರು ಬೆರೆಸಿಕೊಂಡಳು. ಆದರೆ ಅಂದು ಬೆರೆಸಿದ್ದು ಬಿಸಿ ತಾಳಲಾರದೆ.

ಎಲ್ಲ ಮನೆಗಳಲ್ಲೂ ಹೀಗೇ ಆಯಿತು. ಹಿರಿಯರಿಗೆ ತಣ್ಣೀರು. ಹೆಚ್ಚು ಜನರಿದ್ದ ಮನೆಗಳಲ್ಲಿ ಎರಡನೆಯವರಿಗೆ, ಪೈಪು ಇನ್ನೂ ಕಾಯುತ್ತಿರುವಾಗ, ಉಗುರುಬೆಚ್ಚಗಿನ ನೀರು. ಆದರೆ ಹಿರಿಯರು ನಡುಗುತ್ತ ಬಂದ ಮೇಲೆ ಎರಡನೆಯವರಿಗೂ ಅದು ತಣ್ಣೀರೇ ಎಂದು ತೋರಿತು. ಕೊನೆಗೆ ಮೀಯುವ ಹೆಂಗಸರಿಗೆ ಹಬೆಯಾಡುವ ನೀರು. ಅವರನ್ನು ಯಾರೂ ಕೇಳಲಿಲ್ಲ.

ಮೊದಲ ಹತ್ತು ದಿನ ಹಿರಿಯರು ಯಾರೂ ಬಾಯಿ ಬಿಡಲಿಲ್ಲ. ತನ್ನ ಮನೆಯದೊಂದೇ ಕೆಟ್ಟಿದೆ, ಹೇಳಿಕೊಂಡರೆ ಮರ್ಯಾದೆ ಹೋಗುತ್ತದೆ ಎಂದು ಪ್ರತಿಯೊಬ್ಬನೂ ತಿಳಿದಿದ್ದ. ಹನ್ನೊಂದನೆಯ ದಿನ ಕಟ್ಟೆಯ ಮೇಲೆ ಕೂತಿದ್ದಾಗ ಬೋರಯ್ಯ ಎಂಬ ಮುದುಕ ಸೀನಿದ. ಪಕ್ಕದವನೂ ಸೀನಿದ. ಅವನ ಪಕ್ಕದವನೂ ಸೀನಿದ. ಅಲ್ಲಿಗೆ ವಿಷಯ ಹೊರಬಿತ್ತು. ಬಿಸಿಲಿಗೆ ನೀರು ಕಾಯುವುದಿಲ್ಲ ಎಂದು ಎಲ್ಲರೂ ಒಮ್ಮತದಿಂದ ಒಪ್ಪಿದರು. ಒಪ್ಪುವಾಗ ಅವರು ಬಿಸಿಲಿಗೆ ಬೆನ್ನು ಕಾಯಿಸಿಕೊಳ್ಳುತ್ತ ಕೂತಿದ್ದರು.

ಕೆರೆಯಲ್ಲಿ ಬಟ್ಟೆ ಒಗೆಯುವಾಗ ಹೊನ್ನೂರಮ್ಮ ಪಕ್ಕದ ಮನೆಯ ದುರುಗಮ್ಮನನ್ನು ಮೆಲ್ಲಗೆ ಕೇಳಿದಳು.

"ನಿಮ್ಮನೇಲಿ ನೀರು ಹೆಂಗೆ ಬರ್ತೈತಕ್ಕ?"

"ಸುಡ್ತೈತೆ ಕಣೇ. ನಮ್ಮತ್ತೆ ಮುಂದೆ ಚಳಿ ಹತ್ತಿದಂಗೆ ನಾಟಕ ಆಡಿ ಆಡಿ ಸಾಕಾಗೈತೆ. ನೀನೆಲ್ಲಾದ್ರೂ ಬಾಯಿ ಬಿಟ್ಟೀಯ, ಜೋಕೆ. ಹೇಳಿದ್ರೆ ಇದೂ ಅವರ ಪಾಲಾಗ್ತೈತೆ."

"ಹೇಳದಿದ್ರೆ ಬಿಚ್ಕೊಂಡು ಹೋಗ್ತಾರಲ್ಲಕ್ಕ."

ದುರುಗಮ್ಮ ಕೈಯಲ್ಲಿದ್ದ ಸೀರೆಯನ್ನು ಹಿಂಡಿದಳು. ಹಿಂಡಿದ್ದನ್ನೇ ಮತ್ತೊಮ್ಮೆ ಹಿಂಡಿದಳು.

ಇಪ್ಪತ್ತನೆಯ ದಿನ ಹೊನ್ನೂರಮ್ಮನ ಎಡಗೈ ತಲೆಯ ಮೇಲಕ್ಕೆ ಎದ್ದಿತು. ತನ್ನ ತಲೆಯನ್ನು ತಾನೇ ಬಾಚಿಕೊಂಡಳು. ಆ ಹೊತ್ತಿಗೆ ಜಗಲಿಯಲ್ಲಿ ಅವಳ ಮಾವ ಯಾರಿಗೋ ಹೇಳುತ್ತಿದ್ದ, "ಆ ಬಿಸಿಲನ್ನ ನಂಬಿ ಕೆಟ್ಟೆವು." ಅವಳ ಕೈ ಬಾಚಣಿಗೆಯ ಮೇಲೆ ನಿಂತಿತು. ತನಗೆ ಇಷ್ಟು ಒಳ್ಳೆಯದನ್ನು ಮಾಡಿದ ಬಿಸಿಲಿನ ಮೇಲೆ ಸುಳ್ಳು ಅಪವಾದ ಬರುತ್ತಿದೆ. ತಾನು ಅದನ್ನು ಕೇಳಿಸಿಕೊಂಡು ಸುಮ್ಮನೆ ಜಡೆ ಹಾಕಿಕೊಳ್ಳುತ್ತಿದ್ದೇನೆ. ಅಂದಿನಿಂದ ಅವಳಿಗೆ ಆ ಸ್ನಾನ ಪೂರ್ತಿ ಹಿತವಾಗಲಿಲ್ಲ.

ತಿಂಗಳು ಮುಗಿಯಿತು. ಓಬಳಪ್ಪನ ಮನೆಯ ಜಗಲಿಯಲ್ಲಿ ಸಭೆ. ಹಾಲಿನ ಸಂಘದ ಕಾರ್ಯದರ್ಶಿ ಕಾಗದ ಹಿಡಿದು ಬಂದ. ಯಂತ್ರಗಳನ್ನು ಒಯ್ಯಲು ಟ್ರ್ಯಾಕ್ಟರ್ ಕೂಡ ಬಂದು ನಿಂತಿತು. ಸಭೆ ಏನು ತೀರ್ಮಾನಿಸುತ್ತದೆ ಎಂಬುದರಲ್ಲಿ ಟ್ರ್ಯಾಕ್ಟರಿಗೂ ಸಂಶಯವಿರಲಿಲ್ಲ.

ಆ ದಿನ ಓಬಳಪ್ಪ ತನ್ನ ತಣ್ಣೀರು ಮಿಂದು ಬಂದ ಮೇಲೆ ಹೊನ್ನೂರಮ್ಮ ಮೀಯಲಿಲ್ಲ. ತನ್ನ ಪಾಲಿನ ನೀರನ್ನೆಲ್ಲ ಬಕೆಟ್ಟುಗಳಲ್ಲಿ ಹಿಡಿದು, ಮುಚ್ಚಿ, ಬಾಗಿಲಿಗೆ ತಂದಿಟ್ಟಳು.

ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುವುದು ಆ ಊರಿನ ರೂಢಿ. ಕೊಟ್ಟ ನೀರನ್ನು ಬೇಡ ಎನ್ನುವಂತಿಲ್ಲ. ಕಾರ್ಯದರ್ಶಿಯೂ ಹಿರಿಯರೂ ಒಟ್ಟಿಗೆ ಬಂದರು, ಎಲ್ಲರಿಗಿಂತ ಮುಂದೆ ಬೋರಯ್ಯ ಇದ್ದ. ಅವಳು ತಂಬಿಗೆ ಕೊಟ್ಟಳು. ಅವನು ಕಾಲ ಮೇಲೆ ಸುರಿದುಕೊಂಡು ಹಿಂದಕ್ಕೆ ಹಾರಿದ.

"ಯಪ್ಪಾ! ಕೋಳಿ ಪುಕ್ಕ ಕೀಳೋಕೆ ಕಾಯ್ಸಿದ್ದೇನಮ್ಮ ಇದು?"

ಓಬಳಪ್ಪ ಜಗಲಿಯಿಂದ ಎದ್ದು ಬಂದ. "ಒಲೆ ಹಚ್ಚಿದ್ಯಾ? ಇನ್ನೊಂದು ಗಳಿಗೆ ತಡೀಲಿಲ್ವಲ್ಲಮ್ಮ. ಊರ ಮುಂದೆ ಕರಾರು ಮುರಿಸಿದ್ಯಲ್ಲ."

"ಒಲೆ ಹಚ್ಚಿಲ್ಲ ಮಾವ. ಒಲೆ ಒಳಗೆ ಕೋಳಿ ಕಾವಿಗೆ ಕೂತು ವಾರ ಆಯ್ತು. ಬೇಕಾದ್ರೆ ನೋಡಿ."

ಕಾರ್ಯದರ್ಶಿ ಹೋಗಿ ಒಲೆಯೊಳಗೆ ಕೈ ಹಾಕಿ ನೋಡಿದ. ಬೆರಳು ಚೀಪಿಕೊಳ್ಳುತ್ತ ಹಿಂದಿರುಗಿ, "ಕೂತಿದೆ" ಎಂದ.

"ಮತ್ತೆ ಈ ನೀರು ಎಲ್ಲೀದು?"

ಹೊನ್ನೂರಮ್ಮ ಬಕೆಟ್ಟಿನ ಮುಚ್ಚಳ ತೆಗೆದಳು. "ಸೋಲಾರಿಂದೇ ಮಾವ. ಮೊದಲನೇ ಬಕೆಟ್ಟು ಪೈಪಲ್ಲಿ ನಿಂತ ನೀರು. ಬಿಸೀದು ಆಮೇಲೆ ಬರ್ತೈತೆ. ಒಂದು ತಿಂಗಳಿಂದ ನಾನು ಇದರಲ್ಲೇ ಮೀತಿದ್ದೀನಿ. ಬಿಸಿಲನ್ನ ಬೈಬೇಡಿ. ಬೈಯೋದಾದ್ರೆ ನನ್ನ ಬೈಯಿರಿ."

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಬಂದಿದ್ದೆ ಮಾವ."

ಓಬಳಪ್ಪನಿಗೆ ಬಚ್ಚಲ ಬಾಗಿಲು ನೆನಪಾಯಿತು. ಸೊಸೆ ಅವನಿಂದ ಕಸಿದುಕೊಳ್ಳಲು ಬಂದಿದ್ದಳು ಎಂದು ಅವನು ತಿಳಿದದ್ದು ಒಂದು ಬಕೆಟ್ಟು ತಣ್ಣೀರನ್ನು.

ಸೊಸೆ ಮಾವನಿಗಿಂತ ಬಿಸಿಯಾದ ನೀರಿನಲ್ಲಿ ಮಿಂದರೆ ಏನು ಮಾಡಬೇಕು ಎಂಬುದು ಊರಿನ ಕಟ್ಟಳೆಯಲ್ಲಿ ಎಲ್ಲೂ ಇರಲಿಲ್ಲ. ಪ್ರತಿಯೊಬ್ಬ ಹಿರಿಯನೂ ತನ್ನ ತನ್ನ ಮನೆಯಲ್ಲಿ ಕೊನೆಗೆ ಮೀಯುವವರ ಮುಖ ನೆನಪಿಸಿಕೊಳ್ಳುತ್ತಿದ್ದ. ಬೋರಯ್ಯನಿಗೆ ಮೊದಲು ನಗು ಬಂತು.

"ಓಬಳಪ್ಪಣ್ಣ, ಒಂದು ತಿಂಗಳಿಂದ ನಾವೆಲ್ಲ ಸೇರಿ ಪೈಪು ತೊಳೆದಿದ್ದೀವಿ ಕಣಣ್ಣ!"

ಓಬಳಪ್ಪ ನಗಲಿಲ್ಲ. ತಂಬಿಗೆಗೆ ಕೈ ಚಾಚಿದ. ತನ್ನ ಕಾಲಿಗೆ ನೀರು ಸುರಿದುಕೊಂಡ. ನಿಧಾನವಾಗಿ ಸುರಿದುಕೊಂಡ. ಆಮೇಲೆ ಕಾರ್ಯದರ್ಶಿಗೆ, "ಇರಲಿ ಅಂತ ಬರ್ಕೊಳಪ್ಪ" ಎಂದ.

ಟ್ರ್ಯಾಕ್ಟರ್ ಖಾಲಿ ಹೋಯಿತು. ಆದರೆ ಒಂದು ತೊಡಕು ಉಳಿಯಿತು. ಮೊದಲ ನೀರು ಹಿರಿಯರದು ಎಂಬುದು ಕಟ್ಟಳೆ. ಕಟ್ಟಳೆ ಮುರಿಯುವಂತಿಲ್ಲ. ಹಿರಿಯರು ಇನ್ನು ನಡುಗುವಂತಿಲ್ಲ. ಬಯಲುಸೀಮೆಯಲ್ಲಿ ನೀರನ್ನಂತೂ ಚೆಲ್ಲುವಂತೆಯೇ ಇಲ್ಲ. ಮಧ್ಯಾಹ್ನದವರೆಗೆ ಯೋಚಿಸಿದರು.

"ಎಮ್ಮೆಗೆ ಕುಡಿಸಾಣ," ಎಂದ ಬೋರಯ್ಯ.

"ಎಮ್ಮೆ ಮನೆಗೆ ಹಿರಿಯಳೇನೋ?" ಎಂದು ಇನ್ನೊಬ್ಬ ಹಿರಿಯ ಕೇಳಿದ.

"ನಮ್ಮನೆ ಎಮ್ಮೆ ಒಂಬತ್ತು ಜನಾನ ಸಾಕ್ತೈತೆ. ನಾನು ಒಬ್ಬನ್ನೂ ಸಾಕ್ತಿಲ್ಲ. ಈಗ ನೀನೇ ಹೇಳು, ನಮ್ಮಿಬ್ಬರಲ್ಲಿ ಹಿರಿಯರು ಯಾರು?"

ಕಟ್ಟಳೆಯನ್ನು ಬದಲಿಸಲಾಗದೆ ಹಿರಿಯರನ್ನೇ ಬದಲಿಸಿದರು. ಅಂದಿನಿಂದ ಆ ಊರಿನ ಪ್ರತಿ ಮನೆಯಲ್ಲೂ ಎಮ್ಮೆಯೇ ಹಿರಿಯಳು, ಮೊದಲ ಬಕೆಟ್ಟು ಅವಳದು. ಎಮ್ಮೆ ಇಲ್ಲದ ಮನೆಯವರು ಹಿತ್ತಿಲ ನುಗ್ಗೆ ಮರವನ್ನು ಹಿರಿಯ ಎಂದು ಒಪ್ಪಿಕೊಂಡರು. ಎಮ್ಮೆಗಳು ಈ ಗೌರವವನ್ನು ಯಾವ ಗರ್ವವೂ ಇಲ್ಲದೆ ಸ್ವೀಕರಿಸಿದವು.

ಮರುದಿನ ಬೆಳಿಗ್ಗೆ ಎಮ್ಮೆಗೆ ನೀರಾಯಿತು. ಓಬಳಪ್ಪ ಬಚ್ಚಲಿಗೆ ಹೋದ. ಹೊನ್ನೂರಮ್ಮ ಹಿತ್ತಿಲಲ್ಲಿ ಹಾಲಿನ ಪಾತ್ರೆ ತೊಳೆಯುತ್ತ ನಲ್ಲಿಯ ಸದ್ದು ಕೇಳುತ್ತಿದ್ದಳು. ಒಂದು ಬಕೆಟ್ಟು ತುಂಬಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ತುಂಬಿತು. ತಿಂಗಳ ಚಳಿ ಇಳಿಯಬೇಕಲ್ಲ ಎಂದುಕೊಂಡಳು. ಮೂರನೆಯ ಸಲ ನ‍ಲ್ಲಿ ತಿರುಗಿತು. ದುರುಗಮ್ಮ ಹೇಳಿದಂತೆಯೇ ಆಯಿತು, ತನ್ನ ಪಾಲು ಹೋಯಿತು ಎಂದುಕೊಂಡಳು. ಹೋದರೂ ಇನ್ನು ಕಟ್ಟಿಗೆಗೆ ಹೋಗಬೇಕಾಗಿಲ್ಲ. ಅಷ್ಟಾದರೂ ಸಿಕ್ಕಿತಲ್ಲ ಎಂದು ಸಮಾಧಾನ ಮಾಡಿಕೊಂಡು ಪಾತ್ರೆ ಬೋರಲು ಹಾಕಿದಳು.

ಓಬಳಪ್ಪ ಮೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಅವಳ ಮುಖ ನೋಡದೆ ಹೇಳಿದ.

"ಮೂರನೇದು ನಿನಗೆ ಹಿಡಿದಿಟ್ಟಿದ್ದೀನಮ್ಮ. ಕೈ ಇಟ್ಟು ನೋಡ್ದೆ, ಬಿಸಿ ಐತೆ. ಪಾತ್ರೆ ಆಮೇಲೆ ತೊಳೀವಂತೆ. ಆರೋಕೆ ಮುಂಚೆ ಹೋಗು."

ಆ ಮನೆಯಲ್ಲಿ ಅವಳಿಗಾಗಿ ಇನ್ನೊಬ್ಬರು ನೀರು ಹಿಡಿದಿಟ್ಟದ್ದು ಅದೇ ಮೊದಲು. ಅವಳು ಒಳಗೆ ಹೋಗಿ ಕದ ಹಾಕಿಕೊಂಡಳು. ತಂಬಿಗೆ ಎತ್ತುವ ಮುಂಚೆ ಕೈ ಮುಗಿದಳು. ಮುಗಿದದ್ದು ಬಿಸಿಲಿಗೋ, ಮಾವನಿಗೋ, ಎದುರಿಗಿದ್ದ ಬಕೆಟ್ಟಿಗೋ ಎಂದು ಅವಳು ವಿಂಗಡಿಸಲು ಹೋಗಲಿಲ್ಲ. ನೀರು ಆರುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ತಲೆದೂಗಿದ. "ಕತೆ ಚೆನ್ನಾಗಿದೆ ಗುರುಗಳೇ. ಆದರೆ ನಾನು ಕೇಳಿದ್ದು ನನ್ನ ವಿಷಯ."

ಗುರುಗಳು ಹೇಳಿದರು:

"ನಿನಗೆ ದಿನವೂ ನೀರು ಅಣಿಮಾಡಿಟ್ಟು, ಈ ಮಠದಲ್ಲಿ ಎಲ್ಲರಿಗಿಂತ ಕೊನೆಗೆ ಸ್ನಾನ ಮಾಡುವವರು ಯಾರು?"