ನಾಲ್ಕು ದಿನದ ಬೆಂಕಿ

ಆ ಬೆಳಿಗ್ಗೆ ಶಂಕರೆಪ್ಪ ಎಂದಿನಂತೆ ಮಗ್ಗಕ್ಕೆ ಕೂತಿದ್ದ. ಸೀರೆ ಮುಗಿಯಲು ಒಂದು ಗೇಣು ಬಾಕಿ ಇತ್ತು. ತಮ್ಮ ಕಲ್ಲಿನಾಥ ನೀರು ತರಲು ಹೊಳೆಗೆ ಹೋಗಿದ್ದ.

ನಡುಗೋಡೆಯ ಜಗಳಕ್ಕೆ ಪಕ್ಕದ ಮನೆಯ ಈರಸಂಗಪ್ಪ ಈ ಅಣ್ಣತಮ್ಮಂದಿರ ಹುಲ್ಲಿನ ಮಾಡಿಗೆ ಕೊಳ್ಳಿ ಇಟ್ಟ. ಕಲ್ಲಿನಾಥ ಕೊಡ ಹೊತ್ತು ಬರುವಷ್ಟರಲ್ಲಿ ಜನ ಅಣ್ಣನನ್ನು ಹೊರಗೆ ಎಳೆದು ಮಲಗಿಸಿದ್ದರು. ಸಂಜೆಗೆ ಅಣ್ಣ ತೀರಿಕೊಂಡ.

ಅವನ ಬಿಗಿಮುಷ್ಟಿಯಲ್ಲಿ ಮಗ್ಗದಲ್ಲಿ ನೂಲು ಹಾಯಿಸುವ ಲಾಳಿ ಇತ್ತು. ಮರದ್ದು. ಎರಡು ತುದಿಗೂ ಕಬ್ಬಿಣದ ಮೊನೆ. ಆ ಮನೆಯಿಂದ ಉಳಿದದ್ದು ಅದೊಂದೇ.

ಸಾಕ್ಷಿ ಹೇಳಲು ಯಾರೂ ಬರಲಿಲ್ಲ. ಕಲ್ಲಿನಾಥ ಊರು ಬಿಟ್ಟು ಒಂದು ಮಠ ಸೇರಿದ. ಮೂರು ವರ್ಷ ಅಂಗಳ ಗುಡಿಸಿದ, ಪಾಠ ಕಲಿತ. ಲಾಳಿ ಸೊಂಟದಲ್ಲೇ ಇತ್ತು.

ಒಂದು ದಿನ ಗುರುಗಳ ಮುಂದೆ ಬಂದು ನಿಂತ.

"ಬುದ್ಧಿ, ಅಪ್ಪಣೆ ಕೊಡಬೇಕು. ಆ ಈರಸಂಗಪ್ಪನ ಮನೆಗೂ ಬೆಂಕಿ ಇಟ್ಟು ಬರುತ್ತೇನೆ. ಅಣ್ಣನಿಗಾಗಿ ಅಷ್ಟನ್ನಾದರೂ ಮಾಡಬೇಕು."

ಗುರುಗಳು ಬೇಡವೆನ್ನಲಿಲ್ಲ. ಊರು ಎಷ್ಟು ದೂರ ಎಂದು ಕೇಳಿದರು. ನಾಲ್ಕು ದಿನದ ನಡಿಗೆ ಎಂದು ಹೇಳಿದ.

"ಹಾಗಾದರೆ ಬೆಂಕಿಯನ್ನು ನಮ್ಮ ಒಲೆಯಿಂದಲೇ ಒಯ್ಯಿ. ದಾರಿಯಲ್ಲಿ ಆರಿದರೆ ಹಿಂದಿರುಗಿ ಬಾ."

"ಕಟ್ಟಿಗೆ?"

"ಇಲ್ಲಿಂದ ಒಂದು ಹೊರೆ ಒಯ್ಯಿ. ಅದು ಮುಗಿದರೆ ನಿನ್ನ ಹತ್ತಿರ ಇರುವುದನ್ನು ಹಾಕು. ದಾರಿಯಲ್ಲಿ ಒಂದು ಕಡ್ಡಿಯನ್ನೂ ಎತ್ತಿಕೊಳ್ಳಬೇಡ. ಸೇಡು ನಿನ್ನದಲ್ಲವೇ?"

ಅಡುಗೆಯ ಸಿದ್ರಾಮಜ್ಜ ಮಡಕೆಯಲ್ಲಿ ಬೂದಿ ಹಾಸಿ ಕೆಂಡ ತುಂಬಿಕೊಟ್ಟ. ಜೊತೆಗೆ ಒಂದು ಹೊರೆ ಕಟ್ಟಿಗೆ.

"ಹೊತ್ತೊತ್ತಿಗೆ ಉಣಿಸಪ್ಪ," ಎಂದ. "ಎಳೇ ಕೂಸಿಗಿಂತ ಹಟಮಾರಿ ಇದು."

ಎರಡನೆಯ ದಿನ ಮಧ್ಯಾಹ್ನಕ್ಕೆ ಕಟ್ಟಿಗೆ ಮುಗಿಯಿತು. ದಾರಿಯ ಎರಡೂ ಕಡೆ ಹೊಲಗಳಲ್ಲಿ ಒಣಗಿದ ಹತ್ತಿಕಟ್ಟಿಗೆ ಬಿದ್ದಿತ್ತು. ಕಲ್ಲಿನಾಥ ಮುಟ್ಟಲಿಲ್ಲ. ಕೈಯಲ್ಲಿದ್ದ ಕೋಲನ್ನು ಮುರಿದು ಹಾಕಿದ.

ಮೂರನೆಯ ದಿನ ಕಾಲಿನ ಮರದ ಹಾವುಗೆಗಳನ್ನು ಬೆಂಕಿಗೆ ಹಾಕಿದ. ಆಮೇಲೆ ಪಾಠ ಬರೆದುಕೊಂಡಿದ್ದ ಹಾಳೆಗಳನ್ನು. ಕುರಿ ಮೇಯಿಸುತ್ತಿದ್ದ ಮುದುಕಿಯೊಬ್ಬಳು ಅವನನ್ನು ತಡೆದು ಎಲ್ಲಿಗೆ ಹೊರಟೆ ಎಂದು ವಿಚಾರಿಸಿದಳು. ಊರಿನ ಹೆಸರು ಹೇಳಿದ.

"ಬರಿಗಾಲಾಗ ಬೆಂಕಿ ಹೊತ್ಕೊಂಡು ಹೊಂಟೀಯಲ್ಲೋ ಯಪ್ಪಾ," ಎಂದಳು. "ಆ ಊರಾಗ ಒಲಿ ಇಲ್ಲೇನು?"

ಅವನು ಕೆಂಡವನ್ನು ಒಮ್ಮೆ ಊದಿ ಮುಂದೆ ನಡೆದ.

ನಾಲ್ಕನೆಯ ದಿನ ದಿಬ್ಬ ಹತ್ತಿದಾಗ ಊರು ಕಂಡಿತು. ಈರಸಂಗಪ್ಪನ ಮನೆಯೂ ಕಂಡಿತು. ಮಡಕೆಯಲ್ಲಿ ಒಂದೇ ಕೆಂಡ ಉಳಿದಿತ್ತು. ಊದಿದ. ಅದು ಕೆಂಪಾಗಿ ಮತ್ತೆ ಮಂಕಾಯಿತು. ಮೈಮೇಲೆ ಉಟ್ಟ ಪಂಚೆ ಬಿಟ್ಟರೆ ಬೇರೇನೂ ಇರಲಿಲ್ಲ.

ಸೊಂಟಕ್ಕೆ ಕೈ ಹೋಯಿತು.

ಲಾಳಿ ಒಣಗಿದ ಮರ. ವರ್ಷಗಟ್ಟಲೆ ಅಣ್ಣನ ಕೈಯ ಜಿಡ್ಡು ಕುಡಿದದ್ದು. ಕೆಂಡದ ಮೇಲಿಟ್ಟಾಗ ಚೆನ್ನಾಗಿ ಹತ್ತಿಕೊಂಡಿತು. ಅಣ್ಣನ ಹೆಬ್ಬೆರಳು ಸವೆಸಿದ ಗುಳಿ ಮೊದಲು ಕಪ್ಪಾಯಿತು. ಕಲ್ಲಿನಾಥ ಊರಿಗೆ ಇಳಿಯದೆ ಅದನ್ನೇ ನೋಡುತ್ತ ಕುಳಿತ.

ಕೊನೆಗೆ ಬೂದಿಯಲ್ಲಿ ಎರಡು ಮೊನೆಗಳು ಕೆಂಪಗೆ ಕಂಡವು. ಅವು ಕೈಗೆ ತೆಗೆದುಕೊಳ್ಳುವಷ್ಟು ತಣ್ಣಗಾಗುವವರೆಗೆ ಕಾದ. ಅಷ್ಟರಲ್ಲಿ ಬೆಂಕಿ ಆರಿತ್ತು.

ಮಠಕ್ಕೆ ಹಿಂದಿರುಗಿದಾಗ ಗುರುಗಳು ಅಲ್ಲಿಯ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಅವನ ಬರಿಗಾಲನ್ನು ನೋಡಿದರು.

"ಮನೆ ಸುಟ್ಟೆಯಾ?"

"ಇಲ್ಲ ಬುದ್ಧಿ."

ಕಲ್ಲಿನಾಥ ಅಂಗೈ ಬಿಚ್ಚಿದ.

ಗುರುಗಳು ಮೊನೆಗಳನ್ನು ಎತ್ತಿಕೊಂಡು ಅವಕ್ಕೆ ಹತ್ತಿದ ಮಸಿಯನ್ನು ತಮ್ಮ ಶಲ್ಯದ ತುದಿಯಿಂದ ಒರೆಸಿದರು. ತುಂಬ ಹೊತ್ತು ಒರೆಸಿದರು. ಆಮೇಲೆ ಅವನ ಅಂಗೈಯಲ್ಲೇ ಇಟ್ಟರು.

"ಈರಸಂಗಪ್ಪ ಇಟ್ಟ ಬೆಂಕಿಯಲ್ಲಿ ಈ ಲಾಳಿ ಸುಟ್ಟಿರಲಿಲ್ಲ," ಎಂದರು.